ತೊಗಲಿನ ಹರಿಗೋಲು, ಜರ್ಮನಿ ದೋಣಿ

ಸಿರುಗುಪ್ಪ, ೮ ಸೆಪ್ಟೆಂಬರ್ ೧೯೫೧, ಶನಿವಾರ

ಸಂಜೆ ಏಳು ಗಂಟೆ. ಬೆಳಿಗ್ಗೆ ಹೊಳೆಗೆ ಹೋಗಿ ಹರಿಗೋಲು ನೋಡಿದೆ. ಮಧ್ಯಾಹ್ನ ಇಮಾಮಸಾಬ್ ಬಂದು ನೋಡಿದ. ಸಂಜೆ ಅಕ್ಕನಾಗಮ್ಮ ಬಂದು, ನೋಡುವುದಕ್ಕೆ ಇನ್ನೇನೂ ಉಳಿದಿಲ್ಲ ಎಂದಳು. ಇಷ್ಟರಲ್ಲಿ ದಿನ ಮುಗಿಯಿತು.

ಹರಿಗೋಲನ್ನು ದಿನಾ ಸಂಜೆ ದಡದ ಮೇಲೆ ಬೋರಲು ಹಾಕಿ ತೊಗಲು ಒಣಗಿಸಬೇಕು, ಆಗಾಗ ಎಣ್ಣೆ ತಿಕ್ಕಬೇಕು. ಜ್ಯೇಷ್ಠದಲ್ಲಿ ಹೆಂಡತಿ ದೊಡ್ಡಬಸಮ್ಮ ಜ್ವರದಲ್ಲಿ ಹೋದ ಮೇಲೆ ನಾನು ಅದನ್ನು ಮುಟ್ಟಿರಲಿಲ್ಲ. ಮಳೆನೀರು ಒಳಗೇ ನಿಂತು ತೊಗಲು ಕೊಳೆತಿದೆ. ಒಂದು ಬದಿಯನ್ನು ನಾಯಿಗಳು ತಿಂದಿವೆ. ಬಿದಿರಿನ ಹಂದರ ಮಾತ್ರ ಗಟ್ಟಿ ಇದೆ.

ನಮ್ಮ ಹೊಳೆಯ ಹರಿಗೋಲುಗಳಿಗೆಲ್ಲ ತೊಗಲು ಕೊಡುವವನು ಇಮಾಮಸಾಬ್. ಸುತ್ತಲೂ ತಿರುಗಿ ನೋಡಿ ಹೇಳಿದ: "ಗಾದೆಪ್ಪ, ನಾಯಿಗೋಳು ಹಸಿದಾವು ಅಂತ ಗೊತ್ತಿತ್ತು. ನನ್ನ ಮಾಲು ಇಷ್ಟು ರುಚಿ ಐತಿ ಅಂತ ಗೊತ್ತಿರಲಿಲ್ಲ."

ನಾನು ನಾಯಿ ತಿಂದ ಅಂಚನ್ನು ಬಗ್ಗಿ ನೋಡಿದೆ.

"ನಗಬಾರದು ಅಂತ ಹರಕಿ ಹೊತ್ತಿಯೇನು?" ಎಂದ. ಹೊಸ ತೊಗಲು ಹೊಂದಿಸಿ ಇಡುತ್ತೇನೆಂದು ಹೇಳಿ ಹೋದ.

ಅಕ್ಕನಾಗಮ್ಮ ಬಸಮ್ಮನ ಅಕ್ಕ. ಗಂಡ ಇಲ್ಲ, ಮಕ್ಕಳಿಲ್ಲ, ಸಂತೆಯಲ್ಲಿ ಮೀನು ಮಾರುತ್ತಾಳೆ. ನಾವು ಹಿಡಿದದ್ದನ್ನು ಅವಳೇ ಮಾರುತ್ತಿದ್ದಳು. ಈಗ ಬೇರೆಯವರ ಮೀನು ಮಾರಬೇಕಾಗಿದೆ, ಅದಕ್ಕೆ ನನ್ನ ಮೇಲೆ ಸಿಟ್ಟು. "ದೀಪಾವಳಿ ಪಾಡ್ಯಕ್ಕ ಏನು ಮಾಡ್ತಿ? ಹೊಳಿಯಾಗ ನಡಕೊಂಡು ಹೋಗ್ತಿಯೇನು?" ಎಂದು ಕೇಳಿದಳು.

ಹೊಳೆಯಲ್ಲಿ ಮೀನು ಸೇರುವ ಗುಂಡಮಡು ನಮ್ಮದು. ನಮ್ಮದು ಎಂದರೆ, ಪಾಡ್ಯದ ದಿನ ಅದನ್ನು ಹಿಡಿದರೆ ಆ ವರ್ಷಕ್ಕೆ ನಮ್ಮದು. ನಮ್ಮ ಅಂಬಿಗರ ಕಟ್ಟಳೆ ಹಾಗಿದೆ. ದಡದ ಬಂಡೆಯಿಂದ ಹೊರಟು ನಡುಮಡುವಿನಲ್ಲಿ ಬಲೆ ಬೀಸಬೇಕು, ಬಲೆ ಪೂರ್ತಿ ಅರಳಿ ಬೀಳಬೇಕು, ಹರಿಗೋಲು ಗಿರ್ರನೆ ತಿರುಗದೆ ಅದೇ ಬಂಡೆಗೆ ಹಿಂದಿರುಗಬೇಕು. ಹಿರಿಯ ಎರ್ರಣ್ಣ ಬಂಡೆಯ ಮೇಲೆ ನಿಂತು ನೋಡುತ್ತಾನೆ. ತಪ್ಪಿದರೆ ಕಾದಿರುವವನಿಗೆ ಮಡು ಹೋಗುತ್ತದೆ. ಈ ಸಲ ಹೊನ್ನೂರಪ್ಪ ಕಾದಿದ್ದಾನೆ. ಎಷ್ಟು ಜನ ಹೋಗಬೇಕೆಂದು ಕಟ್ಟಳೆಯಲ್ಲಿಲ್ಲ. ಒಬ್ಬನಿಂದ ಆಗುವ ಕೆಲಸವಲ್ಲ, ಆದ್ದರಿಂದ ಆ ಮಾತು ಬಂದೇ ಇಲ್ಲ. ಬಸಮ್ಮ ಮುಂದೆ ಕೂತು ಹುಟ್ಟು ಹಾಕುತ್ತಿದ್ದಳು, ನಾನು ಹಿಂದೆ ಕೂತು ಬಲೆ ಬೀಸುತ್ತಿದ್ದೆ.

"ಹುಟ್ಟು ನಾನು ಹಾಕ್ತೀನಿ. ನನಗೂ ಅಕಿಗೂ ಕಲಿಸಿದಾಂವ ಒಬ್ಬನೇ ಅಪ್ಪ," ಎಂದಳು ಅಕ್ಕನಾಗಮ್ಮ.

"ಬ್ಯಾಡ," ಎಂದೆ.

"ಬ್ಯಾಡ ಅನ್ನಾಕ ಬಾಯಿ ಬರತೈತಿ. ಅಷ್ಟರ ಉಳದೈತಲ್ಲ, ಚಲೋ ಆತು."

ರಾತ್ರಿ ಊಟವಾದ ಮೇಲೆ ದಿನದ ಸುದ್ದಿ ಬಸಮ್ಮನಿಗೆ ಹೇಳುವುದು ರೂಢಿ ಇತ್ತು. ಹೇಳುವುದೆಂದರೆ ಅವಳೇ ಕೇಳಿ ಅವಳೇ ಉತ್ತರ ಹೇಳುತ್ತಿದ್ದಳು, ನಾನು ಹೂಂ ಎನ್ನುತ್ತಿದ್ದೆ. ಈಗ ಅಳಿಯ ಕೊಟ್ಟ ಪುಸ್ತಕದಲ್ಲಿ ಬರೆಯುತ್ತಿದ್ದೇನೆ. ನಾಲ್ಕನೇ ಕ್ಲಾಸು ಓದಿದವನಿಗೆ ಇವತ್ತು ಬರೆದದ್ದೇ ಹೆಚ್ಚು.

೧೦ ಸೆಪ್ಟೆಂಬರ್, ಸೋಮವಾರ

ಎರ್ರಣ್ಣನ ಹರಿಗೋಲು ಕೇಳಿ ಪಡೆದು ಒಬ್ಬನೇ ನೀರಿಗಿಳಿಸಿದೆ. ಬಸಮ್ಮ ಕೂರುತ್ತಿದ್ದ ಕಡೆ ಮಂಡಿಯೂರಿ ಹುಟ್ಟು ಹಾಕಿದೆ. ಹರಿಗೋಲು ತಿರುಗಿತು. ಇನ್ನೊಂದು ಕಡೆ ಹಾಕಿದೆ, ಅತ್ತ ತಿರುಗಿತು. ಮುಂದೆ ಮಾತ್ರ ಹೋಗಲಿಲ್ಲ. ಬಟ್ಟೆ ಒಗೆಯುವ ಹೆಂಗಸರು ಒಗೆಯುವುದು ನಿಲ್ಲಿಸಿದರು.

ಹೊನ್ನೂರಪ್ಪ ದಡದಿಂದ ಕೂಗಿದ: "ಮಾವ, ಮೀನ ಹಿಡಿಯಾಕ ಬಂದಿಯೋ, ಜ್ವಾಳ ಬೀಸಾಕ ಬಂದಿಯೋ?"

ಕೊನೆಗೆ ಅವನೇ ಈಜಿ ಬಂದು ಎಳೆದು ದಡ ಮುಟ್ಟಿಸಿದ. ಮಡುವಿಗೆ ಕಾದಿರುವವನು ಅವನೇ. ಎಳೆಯುವಾಗ ಒಂದು ಮಾತೂ ಆಡಲಿಲ್ಲ, ದಡ ಮುಟ್ಟಿದ ಮೇಲೆ ಎಲ್ಲಾ ಆಡಿದ.

ಇಷ್ಟು ವರ್ಷ ಅವಳು ಹುಟ್ಟು ಹಾಕುವುದನ್ನು ಹಿಂದಿನಿಂದ ನೋಡಿದ್ದೇನೆ. ನೋಡಿದ್ದು ಬೆನ್ನನ್ನು, ಕೈಯನ್ನಲ್ಲ ಎಂದು ಇವತ್ತು ತಿಳಿಯಿತು.

೧೩ ಸೆಪ್ಟೆಂಬರ್, ಗುರುವಾರ

ಇಮಾಮಸಾಬನ ತಮ್ಮ ಕರೀಮಸಾಬ್ ಅಕ್ಕಿ ಗಿರಣಿಯ ಲಾರಿ ಓಡಿಸುತ್ತಾನೆ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಒಂದು ದೋಣಿ ಮಾರಾಟಕ್ಕಿದೆ ಎಂದು ಹೇಳಿದ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಬಿಟ್ಟುಹೋದದ್ದಂತೆ. ಪೂರಾ ಅಲ್ಯುಮಿನಿಯಂ. ನಮ್ಮಲ್ಲಿ ಆ ಬಿಳಿಯ ಹಗುರ ಪಾತ್ರೆಗಳಿಗೆ ಜರ್ಮನಿ ಎನ್ನುತ್ತಾರೆ. ಉದ್ದವಾಗಿದೆಯಂತೆ, ಎರಡು ಬದಿಗೆ ಎರಡು ಹುಟ್ಟು, ಒಬ್ಬನೇ ಕೂತು ಎರಡನ್ನೂ ಹಾಕುವುದಂತೆ. ಕೈ ಬಿಟ್ಟರೂ ತಿರುಗುವುದಿಲ್ಲವಂತೆ.

ಒಬ್ಬನೇ ಎಂಬ ಮಾತು ನನಗೆ ಹಿಡಿಸಿತು.

ಇಮಾಮಸಾಬ್ ಪಕ್ಕದಲ್ಲೇ ಇದ್ದ. "ಜರ್ಮನಿ ಜೊತಿ ಲಡಾಯಿ ಮಾಡಾಕ ಜರ್ಮನಿ ದೋಣಿ ತಗೊಂಡು ಹೋಗಿದ್ರೇನು? ಅದಕ್ಕ ಅಷ್ಟು ವರ್ಷ ಹಿಡೀತು," ಎಂದ. ಆಮೇಲೆ ತಮ್ಮನ ಕಡೆ ತಿರುಗಿ, "ಲೇ ಕರೀಮ, ಅಣ್ಣನ ಅನ್ನಕ್ಕ ಕಲ್ಲು ಹಾಕಾಕ ಬಳ್ಳಾರಿಗೆ ಹೋಗಿದ್ದಿ?" ಎಂದ.

"ನಿನ್ನ ತೊಗಲು ನಾಯಿ ತಿಂತಾವ. ಇದನ್ನ ತಿಂದ್ರ ನಾಯಿ ಹಲ್ಲು ಹೋಗ್ತಾವ," ಎಂದ ಕರೀಮಸಾಬ್.

ಸೋಮವಾರ ಲಾರಿಯಲ್ಲಿ ಹೋಗಿ ನೋಡಿ ಬರುತ್ತೇನೆ. ಅಕ್ಕನಾಗಮ್ಮನಿಗೆ ಹೇಳಿಲ್ಲ.

೧೪ ಸೆಪ್ಟೆಂಬರ್, ಶುಕ್ರವಾರ

ಅಕ್ಕನಾಗಮ್ಮನಿಗೆ ಗೊತ್ತಾಗಿದೆ.

ಕುರುಗೋಡು, ೧೭ ಸೆಪ್ಟೆಂಬರ್, ಸೋಮವಾರ

ರಾತ್ರಿ ಎಂಟು. ಲಾರಿ ಇಲ್ಲಿ ಇಳಿಸಿ ಹೋಯಿತು, ನಾಳೆ ಬೆಳಿಗ್ಗೆ ಬಸ್ಸಿಗೆ ಬಳ್ಳಾರಿ. ಮಗಳ ಮನೆಯಲ್ಲಿದ್ದೇನೆ. ಮಗಳಿಗೆ ಮೂಕಮ್ಮ ಎಂದು ದೇವರ ಹೆಸರು ಇಟ್ಟಿದ್ದೆವು. ಅವಳು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ನಾನು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು: ಯಾಕೆ ಸಣ್ಣಗಾಗಿದ್ದಿ, ಯಾರು ಅಡಿಗೆ ಮಾಡುತ್ತಾರೆ, ದೊಡ್ಡಮ್ಮ ಬರುತ್ತಾಳಾ, ಬಂದರೆ ಮಾತಾಡುತ್ತಿಯಾ. ದೊಡ್ಡಮ್ಮ ಎಂದರೆ ಅಕ್ಕನಾಗಮ್ಮ.

"ಮಾತಾಡ್ತೀನಿ," ಎಂದೆ.

"ಏನ್ ಮಾತಾಡ್ತಿ?"

ನೆನಪು ಮಾಡಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟರಲ್ಲಿ ಅವಳು ರೊಟ್ಟಿ ಬಡಿಯಲು ಎದ್ದು ಹೋದಳು.

ಬೀಗಿತ್ತಿ ಸಾವಂತ್ರಮ್ಮ ಹುಟ್ಟಿದಾಗಿನಿಂದ ಈ ಬಂಡೆಗುಡ್ಡದ ಊರಿನಲ್ಲೇ ಇದ್ದವಳು, ಹೊಳೆ ನೋಡಿದ್ದು ಕಡಿಮೆ. ಕಬ್ಬಿಣದಂಥದ್ದು ನೀರಿನ ಮೇಲೆ ಹೆಂಗ ನಿಲ್ಲತೈತಿ ಎಂದು ಬಹಳ ಕೇಳಿದಳು. ಬೋಗಾಣಿ ನಿಲ್ಲುವಂತೆ ಎಂದು ಅಳಿಯ ಹೇಳಿದ. "ಹಂಗಾದ್ರ ನಮ್ಮ ಬೋಗಾಣಿನ ಒಯ್ರಿ ಬೀಗರ, ಬಳ್ಳಾರಿತನಕ ಯಾಕ ಹೋಗ್ತೀರಿ," ಎಂದಳು. ಮಗಳು ಬಿದ್ದು ಬಿದ್ದು ನಕ್ಕಳು. ನಗುವಾಗ ಅವಳ ತಾಯಿಯ ಹಾಗೆ ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಾಳೆ.

ಮಲಗುತ್ತೇನೆ.

ಕುರುಗೋಡು, ೧೮ ಸೆಪ್ಟೆಂಬರ್, ಮಂಗಳವಾರ

ಬಳ್ಳಾರಿಗೆ ಹೋಗಿ ಸಂಜೆಯ ಬಸ್ಸಿಗೆ ಇಲ್ಲಿಗೆ ಮರಳಿದೆ. ಬಿಸಿಲು ಹೆಚ್ಚಿತ್ತು.

ಅಂಗಡಿಯವನ ಹೆಸರು ಚಿದಾನಂದಪ್ಪ. ದಪ್ಪ ಮನುಷ್ಯ, ತೆಲುಗು ಕನ್ನಡ ಎರಡನ್ನೂ ಒಂದೇ ಉಸಿರಿನಲ್ಲಿ ಆಡುತ್ತಾನೆ. ದೋಣಿ ಅಂಗಡಿಯ ಹಿತ್ತಿಲಲ್ಲಿತ್ತು, ಅದರೊಳಗೆ ಹೆಂಡತಿ ಮೆಣಸಿನಕಾಯಿ ಒಣಗಿಸಿದ್ದಳು. "ಅಮೆರಿಕಾದಾಗ ಈಗ ಗಾಜಿನ ನೂಲು ನೇಯ್ದು ದೋಣಿ ಮಾಡ್ಯಾರಂತ್ರಿ, ಪೇಪರಿನ್ಯಾಗ ಬಂದಿತ್ತು. ಅದು ಬರೂತನಕ ಕಾಯಂಗಿದ್ರ ಕಾಯಿರಿ," ಎಂದ. ಗಾಜಿನ ದೋಣಿ ಎಂದರೆ ನನಗೆ ಬಳೆಗಾರನ ಮಲಾರದ ನೆನಪಾಯಿತು. ಕಾಯುವುದಿಲ್ಲ ಎಂದೆ.

ಬಂಡಿಯ ಮೇಲೆ ಹೇರಿಸಿ ಊರಾಚೆಯ ಕೆರೆಗೆ ಒಯ್ದೆವು. ನಾನು ರೂಢಿಯಂತೆ ಮೂತಿಯ ಹತ್ತಿರ ಹೋಗಿ ಮಂಡಿಯೂರಿದೆ. ಹಿಂಬದಿ ಆಕಾಶಕ್ಕೆ ಎದ್ದಿತು.

"ನಡುವ ಬರ್ರಿ, ನಡುವ," ಎಂದು ಕೂಗಿದ ಚಿದಾನಂದಪ್ಪ. "ತಿರುಗಿ ಕೂಡ್ರಿ. ಹೋಗೋ ಕಡಿಗೆ ಬೆನ್ನು ಮಾಡ್ರಿ."

"ಹೋಗೋದು ಹೆಂಗ ಕಾಣಬೇಕು?"

"ಕಾಣಂಗಿಲ್ರಿ. ದೊರೆಗೋಳ ದೋಣಿ. ಅವರು ಎಲ್ಲಿಗೆ ಹೋಗ್ತೀವಿ ಅಂತ ಎಂದಾರ ನೋಡಿದ್ರೇನು?"

ತಿರುಗಿ ಕೂತು ಎರಡು ಹುಟ್ಟುಗಳನ್ನು ಎಳೆದೆ. ನೇರವಾಗಿ ಹೋಯಿತು. ಕೈ ಬಿಟ್ಟೆ, ತಿರುಗಲಿಲ್ಲ. ಕೆರೆಯ ಆ ತುದಿಗೂ ಈ ತುದಿಗೂ ಓಡಾಡಿದೆ. ಒಬ್ಬನಿಂದ ಆಗುತ್ತದೆ. ಹೋದ ಕೆಲಸ ಆಯಿತು.

ಒಂದೇ ವಿಷಯ. ಹುಟ್ಟು ಹಾಕುವವನ ಎದುರಿಗೆ, ಹಿಂಬದಿಯಲ್ಲಿ, ಕೂರಲು ಒಂದು ಹಲಗೆ ಇದೆ. ಹೋದಷ್ಟು ಹೊತ್ತೂ ಅದನ್ನೇ ನೋಡುತ್ತಿರಬೇಕು, ಬೇರೆ ಕಡೆ ನೋಡಲು ಬರುವುದಿಲ್ಲ. ತೂಕ ಸರಿಯಾಗಲಿ ಎಂದು ಅದರ ಮೇಲೆ ಒಂದು ಕಲ್ಲು ತಂದಿಟ್ಟೆ. ಆಗಲೂ ಸರಿಯಾಗಲಿಲ್ಲ.

"ಪಸಂದ್ ಆತಿಲ್ರಿ?" ಎಂದ ಚಿದಾನಂದಪ್ಪ.

"ಯೋಚನಿ ಮಾಡ್ತೀನಿ."

"ಕಲ್ಲಿನ ಕೂಡ ಅಷ್ಟು ಹೊತ್ತು ಕುಂತಿದ್ರಿ, ಅದೇನಂತೈತಿ?"

ಹಿಂದಕ್ಕೆ ಮುಖ ಮಾಡಿ ಕೂರಬೇಕು, ದೋಣಿ ಬಿಸಿಲಿಗೆ ಕಾಯುತ್ತದೆ, ಬೇಡ ಎಂದು ಮೂಕಮ್ಮನಿಗೆ ಹೇಳಿದೆ.

ಸಿರುಗುಪ್ಪ, ೨೨ ಸೆಪ್ಟೆಂಬರ್, ಶನಿವಾರ

ಮಳೆ. ಏನೂ ಇಲ್ಲ.

೪ ಅಕ್ಟೋಬರ್, ಗುರುವಾರ

ಹರಿಗೋಲಿಗೇ ಹೊಸ ತೊಗಲು ಹಾಕಿಸುವುದೆಂದು ಇಮಾಮಸಾಬನಿಗೆ ಹೇಳಿದೆ. ಅವನು ಮೀಸೆ ತಿರುವಿದ. ತೊಗಲು ನೆನೆಹಾಕಿದ್ದಾನೆ, ಆ ಬೀದಿಯಲ್ಲಿ ಮೂಗು ಬಿಟ್ಟು ನಡೆಯುವ ಹಾಗಿಲ್ಲ.

ಮಡುವಿಗೆ ಯಾರ ಜೊತೆ ಹೋಗುತ್ತಿ ಎಂದು ಎರ್ರಣ್ಣ ಕೇಳಿದ. ನೋಡೋಣ ಎಂದೆ. "ನೋಡೂದು ನಾನು. ನೀನು ಮಾಡಾಂವ," ಎಂದ.

ಮಡು ಹೋದರೆ ಬೇರೆಯವರ ಹರಿಗೋಲಿನಲ್ಲಿ ಕೂಲಿಗೆ ಕೂರಬೇಕು. ಈ ವಯಸ್ಸಿನಲ್ಲಿ ಯಾರು ಕರೆಯುತ್ತಾರೆ? ಹೊನ್ನೂರಪ್ಪ ಕರೆಯಬಹುದು. ಕರೆದರೆ ದಿನಾ ಅವನ ಜೋಕು ಕೇಳಬೇಕು. ಮತ್ತೆ ದಿನಾ ಗುಂಡಮಡುವಿನಲ್ಲಿ ಅವನ ಹಿಂದೆ ಕೂತಿರಬೇಕು.

೧೦ ಅಕ್ಟೋಬರ್, ಬುಧವಾರ, ವಿಜಯದಶಮಿ

ರಾತ್ರಿ ಒಂಬತ್ತು. ಬನ್ನಿ ಕೊಡಲು ಬಂದವರೆಲ್ಲ ಹೋದರು.

ಬೆಳಿಗ್ಗೆ ಅಕ್ಕನಾಗಮ್ಮ ಬಂದು, "ಏಳು, ಇವತ್ತ ಚಲೋ ದಿನ," ಎಂದಳು. ಎರ್ರಣ್ಣನ ಹರಿಗೋಲನ್ನು ಅವಳೇ ಕೇಳಿ ಇಟ್ಟಿದ್ದಳು. ಬೇಡ ಎನ್ನಲು ಬಾಯಿ ತೆರೆದೆ, ಬಾಯಿಗೆ ಬನ್ನಿ ಎಲೆ ಇಟ್ಟಳು.

ಅವಳು ಮುಂದೆ ಕೂತಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಹುಟ್ಟು ನೀರಿಗೆ ಹಾಕುವ ಮುನ್ನ ಎಡಭುಜವನ್ನು ಸ್ವಲ್ಪ ಮೇಲೆತ್ತಿದಳು. ಸಂತೆಯಲ್ಲಿ ಕೂತಾಗ ಅಕ್ಕ ತಂಗಿಗೆ ಏನೂ ಹೋಲಿಕೆ ಇರಲಿಲ್ಲ. ಮುಖ ಬೇರೆ, ಮಾತು ಬೇರೆ, ಇವಳ ದನಿ ಹೊಳೆಯಾಚೆಗೂ ಕೇಳುತ್ತದೆ. ಬೆನ್ನು ಒಂದೇ.

ಹರಿಗೋಲು ಗೆರೆ ಎಳೆದ ಹಾಗೆ ಹೋಯಿತು. ನಡುಮಡು ಬಂತು. ಬಲೆ ಎತ್ತಿದೆ. ಬೀಸಿದೆ. ಬಲೆ ಮುದ್ದೆಯಾಗಿ, ಅಂಗಳಕ್ಕೆ ಎಸೆದ ಒದ್ದೆ ಪಂಚೆಯ ಹಾಗೆ ಬಿತ್ತು. ಮತ್ತೆ ಬೀಸಿದೆ. ಮತ್ತೆ ಹಾಗೇ. ಬಲೆ ಬೀಸಲು ಬಾರದ ದಿನವನ್ನು ನಾನು ಕಂಡಿರಲಿಲ್ಲ.

ಅಕ್ಕನಾಗಮ್ಮ ತಿರುಗಿ ನೋಡಿದಳು. "ಎಲ್ಲಿ ನೋಡಾಕ ಹತ್ತಿದ್ದಿ?"

"ಎಲ್ಲೂ ಇಲ್ಲ."

ಅವಳು ಏನೂ ಹೇಳದೆ ದಡಕ್ಕೆ ತಂದಳು. ಅವಳು ಏನೂ ಹೇಳದಿದ್ದದ್ದು ಅದೇ ಮೊದಲು. ದಡದಲ್ಲಿ ಹೊನ್ನೂರಪ್ಪ ಇದ್ದ. ಅವನೂ ಜೋಕು ಮಾಡಲಿಲ್ಲ, ಬಲೆ ಹೊತ್ತು ಮನೆತನಕ ಬಂದ. ಅದು ನನಗೆ ಇನ್ನೂ ಕೆಟ್ಟದ್ದೆನಿಸಿತು.

ಸಂಜೆ ಬನ್ನಿ ಕೊಟ್ಟು ಹೋಗುವಾಗ ಅಕ್ಕನಾಗಮ್ಮ ಬಾಗಿಲಲ್ಲಿ ನಿಂತಳು. "ಗಾದೆಪ್ಪ, ಆ ಜರ್ಮನಿ ದೋಣ್ಯಾಗ ಹುಟ್ಟು ಹಾಕಾಂವ ಯಾ ಕಡಿಗೆ ಮುಖ ಮಾಡಿ ಕೂಡ್ತಾನ ಅಂತ ಅಂದಿದ್ದಿ?"

ನಾನು ಅವಳಿಗೆ ಹೇಳಿರಲಿಲ್ಲ. ಮೂಕಮ್ಮ ಹೇಳಿರಬೇಕು. "ಹಿಂದಕ್ಕ," ಎಂದೆ.

"ಅಂದ್ರ ಬಲಿ ಬೀಸಾಂವನ ಕಡಿಗೆ."

"ಹೂಂ."

"ನನ್ನ ಬೆನ್ನು ನಿನಗ ಆಗಂಗಿಲ್ಲ. ಮುಖ ಏನು ಅಷ್ಟು ಚಂದಿಲ್ಲ ಬಿಡು, ಆದರ ಅಕಿಯಂಗಿಲ್ಲ." ಎಂದು ಹೇಳಿ ಹೊರಟುಹೋದಳು.

ಬಹಳ ಬರೆದೆ. ಕೈ ನೋಯುತ್ತಿದೆ.

೧೨ ಅಕ್ಟೋಬರ್, ಶುಕ್ರವಾರ

ಜರ್ಮನಿ ದೋಣಿಯನ್ನೇ ತರುವುದೆಂದು ಕರೀಮಸಾಬನ ಹತ್ತಿರ ಕುರುಗೋಡಿಗೆ ಹೇಳಿ ಕಳಿಸಿದೆ. ಯೋಚಿಸಿ ನೋಡಿದರೆ ತೊಗಲು ಒಣಗಿಸುವ, ಎಣ್ಣೆ ತಿಕ್ಕುವ ಕಷ್ಟ ಇಲ್ಲ. ನಾಯಿಗಳ ಕಾಟವೂ ಇಲ್ಲ. ಹಗುರ. ಅದಕ್ಕೇ ಅದು ಒಳ್ಳೆಯದು.

ಇಮಾಮಸಾಬನಿಗೆ ಮುಖ ತೋರಿಸಿಲ್ಲ.

೧೬ ಅಕ್ಟೋಬರ್, ಮಂಗಳವಾರ

ದೋಣಿ ಬಂತು. ಚಿದಾನಂದಪ್ಪನ ಹತ್ತಿರ ಕೊಡುವ ತೆಗೆದುಕೊಳ್ಳುವ ಮಾತನ್ನು ಮೂಕಮ್ಮನೇ ಬಳ್ಳಾರಿಗೆ ಹೋಗಿ ಆಡಿದಳಂತೆ. ಅಪ್ಪ ಬಂದರೆ ಅವರು ಹೇಳಿದ್ದಕ್ಕೆಲ್ಲ ಹೂಂ ಎನ್ನುತ್ತಾನೆ ಎಂದು ಕರೀಮಸಾಬನಿಗೆ ಹೇಳಿದಳಂತೆ. ಲಾರಿ ಕುರುಗೋಡಿನಲ್ಲಿ ನಿಂತಾಗ ಊರೆಲ್ಲ ಸೇರಿತಂತೆ. ಸಾವಂತ್ರಮ್ಮ ದೋಣಿಯನ್ನು ಬೆರಳಿನಿಂದ ತಟ್ಟಿ ನೋಡಿ, ದನಕ್ಕೆ ನೀರು ಕುಡಿಸಲು ಇಂಥದ್ದೊಂದು ನಮಗೂ ಬೇಕು ಎಂದಳಂತೆ.

ಇಲ್ಲಿ ಹೊಳೆದಡದಲ್ಲಿ ಇಳಿಸಿದಾಗ ಅಕ್ಕನಾಗಮ್ಮ ಸುತ್ತಿ ಬಂದಳು. "ಇಷ್ಟು ದೊಡ್ಡ ಇಡ್ಲಿ ಪಾತ್ರಿ ನಾನು ನೋಡಿರಲಿಲ್ಲ," ಎಂದಳು. ಸಂಜೆ ಕ್ರಮದಂತೆ ಬೋರಲು ಹಾಕಿ ಬಂದೆ.

೧೭ ಅಕ್ಟೋಬರ್, ಬುಧವಾರ

ಹರಿಗೋಲಿನ ರೂಢಿಯಲ್ಲಿ ಬೋರಲು ಹಾಕಿದ್ದೇ ತಪ್ಪಾಯಿತು. ಮಧ್ಯಾಹ್ನದ ಹೊತ್ತಿಗೆ ಬಿಸಿಲಿಗೆ ಕಾದು ಹೆಂಚಾಗಿತ್ತು. ಎತ್ತಲು ಎರಡೂ ಅಂಗೈ ಊರಿದೆ. ಈಗ ಎರಡೂ ಅಂಗೈಗೆ ಎಣ್ಣೆ ಹಚ್ಚಿ ಕೂತಿದ್ದೇನೆ, ಪುಸ್ತಕಕ್ಕೂ ಎಣ್ಣೆ ಆಗಿದೆ. ಎಣ್ಣೆ ಹಚ್ಚಿದವಳು ಅಕ್ಕನಾಗಮ್ಮ. "ತೊಗಲಿಗೆ ಎಣ್ಣಿ ತಿಕ್ಕೂದು ತಪ್ಪತೈತಿ ಅಂದಿದ್ದಿಯಲ್ಲ," ಎಂದಳು.

ಯಾರೋ ಅದರ ಮೇಲೆ ಹಪ್ಪಳ ಸುಟ್ಟು ನೋಡಿದರೆಂದು ಹೊನ್ನೂರಪ್ಪ ಹೇಳುತ್ತಾನೆ. ನಂಬುವುದಿಲ್ಲ.

೧೯ ಅಕ್ಟೋಬರ್, ಶುಕ್ರವಾರ

ಸಂಜೆ ಆರು. ಇವತ್ತು ಇಬ್ಬರೂ ನೀರಿಗಿಳಿದೆವು. ಅಕ್ಕನಾಗಮ್ಮ ನಡುವಿನ ಹಲಗೆಯಲ್ಲಿ, ಹೋಗುವ ಕಡೆಗೆ ಬೆನ್ನು ಮಾಡಿ. ನಾನು ಹಿಂಬದಿಯ ಹಲಗೆಯಲ್ಲಿ, ಅವಳ ಎದುರಿಗೆ. ಎರಡು ಹುಟ್ಟು ಅವಳಿಗೆ ಬೇಗ ಒಗ್ಗಿದವು.

ಹೊಳೆಯೊಳಗೆ ಒಬ್ಬರ ಮುಖ ನೋಡುತ್ತಾ ಕೂತದ್ದು ನನಗೆ ಇದೇ ಮೊದಲು. ಕಣ್ಣು ಎಲ್ಲಿಡಬೇಕೋ ತಿಳಿಯಲಿಲ್ಲ. ಅವಳ ಕಿವಿಯ ಓಲೆ ನೋಡಿದೆ. ಆಮೇಲೆ ಆಕಾಶ ನೋಡಿದೆ. ಅವಳ ಬೆನ್ನ ಹಿಂದೆ ಹೊಳೆ ನಡುವಿನ ಕರಿಬಂಡೆ ಹತ್ತಿರ ಬರುತ್ತಿತ್ತು. ಕಾಣುತ್ತಿತ್ತು. ಬಸಮ್ಮ ಇದ್ದಾಗ ಬಂಡೆ ಅವಳಿಗೇ ಕಾಣುತ್ತಿತ್ತು, ನಾನು ಏನೂ ಹೇಳಬೇಕಾಗಿರಲಿಲ್ಲ. ಆ ರೂಢಿಯಲ್ಲಿ ಸುಮ್ಮನೆ ಕೂತಿದ್ದೆ. ದೋಣಿ ಬಂಡೆಗೆ ಬಡಿಯಿತು. ಗುಡಿಯ ಜಾಗಟೆ ಹೊಡೆದಷ್ಟು ಸಪ್ಪಳ. ಆ ದಡದಲ್ಲಿದ್ದ ಕೊಕ್ಕರೆಗಳೆಲ್ಲ ಎದ್ದವು.

"ಬಂಡಿ ಕಾಣಲಿಲ್ಲೇನು?"

"ಕಾಣ್ತು."

"ಮತ್ತ ಹೇಳಾಕ ಏನಾಗಿತ್ತು? ನನಗ ಬೆನ್ನಾಗ ಕಣ್ಣದಾವು ಅಂತ ತಿಳಕೊಂಡಿಯೇನು?"

ಮೂತಿ ನಗ್ಗಿತೇನೆಂದು ಕುತ್ತಿಗೆ ಚಾಚಿ ನೋಡಿದೆ.

"ನೋಡು, ಈ ದೋಣ್ಯಾಗ ಕಣ್ಣು ನಿನ್ನವು, ಕೈ ನನ್ನವು. ಬಾಯಿ ಬಿಡಂಗಿಲ್ಲ ಅಂದ್ರ ಮಡು ಹೊನ್ನೂರಪ್ಪಗ ಕೊಟ್ಟು ಮನ್ಯಾಗ ಕೂಡು. ಎಡಕ್ಕ ಅನ್ನು, ಬಲಕ್ಕ ಅನ್ನು, ನಿಲ್ಲು ಅನ್ನು. ಬರತೈತಿಲ್ಲ?"

"ಬರತೈತಿ," ಎಂದೆ.

"ಮೆಲ್ಲಕ ಅಂದ್ರ ಕೇಳಂಗಿಲ್ಲ, ಹುಟ್ಟಿನ ಸಪ್ಪಳ ಐತಿ."

"ಬರತೈತಿ," ಎಂದು ಸ್ವಲ್ಪ ಗಟ್ಟಿಯಾಗಿ ಹೇಳಿದೆ.

ದೋಣಿಯ ಮೂತಿ ನಗ್ಗಿದೆ. ಗಿರಣಿಯ ಕಮ್ಮಾರ ಬಡಿದು ಸರಿಮಾಡಿ ಕೊಡುತ್ತಾನಂತೆ.

೨೨ ಅಕ್ಟೋಬರ್, ಸೋಮವಾರ

ಎಡಕ್ಕೆ ಎಂದರೆ ಯಾರ ಎಡ ಎಂದು ಜಗಳವಾಯಿತು. ಅವಳು ನನ್ನ ಎದುರಿಗೆ ಕೂತಿರುವುದರಿಂದ ನನ್ನ ಎಡ ಅವಳ ಬಲ. ಅರ್ಧ ದಿನ ಇದರಲ್ಲೇ ಹೋಯಿತು. ಕೊನೆಗೆ ಎಡಬಲ ಬಿಟ್ಟು ಊರಕಡೆ, ಹೊಲದಕಡೆ ಎಂದು ಮಾಡಿಕೊಂಡೆವು. ಉಪಾಯ ನನ್ನದು. ಅವಳು ತನ್ನದೆಂದು ಸಂತೆಯಲ್ಲಿ ಹೇಳಿದ್ದಾಳೆ.

ಬಲೆ ಬೀಸಿದೆ. ಅರಳಿತು. ಆದರೆ ಮೀನಿಲ್ಲ. ಒಳಗೆ ಕಾಲಿಟ್ಟರೆ, ಬಲೆಯ ಗುಂಡು ತಗುಲಿದರೆ, ದೋಣಿ ಠಣ್ ಎನ್ನುತ್ತದೆ. ಮಡುವಿನ ಮೀನಿಗೆಲ್ಲ ನಾವು ಬಂದದ್ದು ತಿಳಿಯುತ್ತದೆ.

೨೪ ಅಕ್ಟೋಬರ್, ಬುಧವಾರ

ಇಮಾಮಸಾಬ್ ತಾನೇ ಬಂದ. ನನಗಾಗಿ ನೆನೆ ಹಾಕಿದ್ದ ತೊಗಲನ್ನು ಹೆಗಲ ಮೇಲೆ ಹೊತ್ತು ತಂದಿದ್ದ. ನಾನು ಎದ್ದು ನಿಂತೆ. ತಪ್ಪಾಯಿತೆಂದು ಹೇಳಬೇಕೆಂದಿದ್ದೆ.

"ಕೂಡಪ್ಪ, ಕೂಡು," ಎಂದ. "ನಿನ್ನ ತಾಟು ಊರಿಗೆಲ್ಲ ಕೇಳಾಕ ಹತ್ತೈತಿ. ಮಸೂತಿಯಾಗ ನಮಾಜ್ ಮಾಡೋವಾಗ ಠಣ್ ಅಂತು, ನಾನು ಮಗ್ಗುಲ ಮನಿ ಊಟಕ್ಕ ಕರದ್ರು ಅಂತ ತಿಳಕೊಂಡೆ."

ತೊಗಲನ್ನು ದೋಣಿಯ ಒಳಗೆ ಹಾಸಿ ಅಂಚಿಗೆ ಬಿಗಿದು ಕೊಟ್ಟ. ಸಪ್ಪಳ ನಿಂತಿತು. ಕೆಲಸ ಮುಗಿದ ಮೇಲೆ ಒಳಗೆ ಕಾಲಿಟ್ಟು ಕುಣಿದು ತೋರಿಸಿದ. ಇಷ್ಟು ವರ್ಷ ಹರಿಗೋಲಿಗೆ ತೊಗಲು ಕೊಟ್ಟವನು, ನೀರಿನಲ್ಲಿ ಒಂದು ಸಲವೂ ಕೂತಿಲ್ಲ, ಹೆದರಿಕೆ ಅಂತೆ. ಹೊಳೆಗೆ ಬಾ, ಒಂದು ಸುತ್ತು ಹಾಕಿಸುತ್ತೇನೆ ಎಂದೆ. "ನಾನು ಮಾರೂದು ತೊಗಲು. ನನ್ನದನ್ನ ಮಾರಂಗಿಲ್ಲ," ಎಂದ.

ಸಂಜೆ ಗಂಗಮ್ಮನ ಪೂಜೆ ಮಾಡಿದೆವು. ಅರಿಸಿನ ಹಚ್ಚಿದರೆ ಜರ್ಮನಿಯ ಮೇಲೆ ನಿಲ್ಲದು, ಜಾರಿ ಇಳಿಯುತ್ತದೆ. ಎರ್ರಣ್ಣನ ಮುಖ ಸಣ್ಣಗಾಯಿತು. ಅರಿಸಿನ ನಿಲ್ಲದ್ದನ್ನು ಮಡುವಿಗೆ ಹೇಗೆ ಬಿಡುವುದು ಎಂದ. ಅಕ್ಕನಾಗಮ್ಮ ಬೆರಳಿನಲ್ಲಿ ಶೇಂಗಾ ಎಣ್ಣೆ ಸವರಿ ಅದರ ಮೇಲೆ ಹಚ್ಚಿದಳು, ನಿಂತಿತು. ಎರ್ರಣ್ಣ ತಲೆಯಾಡಿಸಿದ. "ಕಟ್ಟಳಿಯಾಗ ಎಣ್ಣಿ ಬ್ಯಾಡ ಅಂತ ಇಲ್ಲ," ಎಂದ.

೨೮ ಅಕ್ಟೋಬರ್, ರವಿವಾರ

ಹಬ್ಬಕ್ಕೆ ಮೂಕಮ್ಮ ಬಂದಿದ್ದಾಳೆ. ಮನೆಯಲ್ಲಿ ನನಗೆ ಮಾತಾಡಲು ಜಾಗ ಇಲ್ಲ. ನಾನು ಏನೋ ಹೇಳಹೊರಟರೆ ಅಷ್ಟರಲ್ಲಿ ಅವಳೂ ಅಕ್ಕನಾಗಮ್ಮನೂ ಮುಂದಿನ ಸುದ್ದಿಗೆ ಹೋಗಿರುತ್ತಾರೆ. ಸಿಟ್ಟು ಬಂತು.

ಬಲೆ ತುಂಬಾ ಸಣ್ಣ ಮೀನು ಬಿತ್ತು. ಸಣ್ಣದು, ಆದರೆ ತುಂಬಾ.

೩೧ ಅಕ್ಟೋಬರ್, ಬುಧವಾರ, ಬಲಿಪಾಡ್ಯ

ರಾತ್ರಿ ಏಳೂವರೆ. ಒಳಗೆ ಕರೆಯುತ್ತಿದ್ದಾರೆ, ಚುಟುಕಾಗಿ ಬರೆಯುತ್ತೇನೆ.

ಬೆಳಿಗ್ಗೆ ಬಂಡೆಯ ಹತ್ತಿರ ಅಂಬಿಗರೆಲ್ಲ ಇದ್ದರು. ಬಟ್ಟೆ ಒಗೆಯುವವರೂ ಬಂದಿದ್ದರು, ಬಟ್ಟೆ ತಂದಿರಲಿಲ್ಲ. ಹೊನ್ನೂರಪ್ಪ ಹೊಸ ಅಂಗಿ ಹಾಕಿಕೊಂಡು ತನ್ನ ಹರಿಗೋಲಿನ ಪಕ್ಕ ನಿಂತಿದ್ದ. "ಮಾವ, ಸಾವಕಾಶ ಬಾ, ನಾನು ಕಾಯ್ತೀನಿ," ಎಂದ.

ಎರ್ರಣ್ಣ ಕೈ ಎತ್ತಿದ. ಹೊರಟೆವು. ಮಡುವಿನ ಸುಳಿ ಹೋದ ವಾರಕ್ಕಿಂತ ಊರಕಡೆ ಸರಿದಿತ್ತು. ನೀರು ಇಳಿದು ಹೊಸ ಬಂಡೆಗಳು ತಲೆ ತೆಗೆದಿದ್ದವು. ಅಕ್ಕನಾಗಮ್ಮ ನನ್ನನ್ನೇ ನೋಡುತ್ತಾ ಎಳೆಯುತ್ತಿದ್ದಳು. ಹೊಲದಕಡೆ ಎಂದೆ. ಇನ್ನೂ ಸ್ವಲ್ಪ ಎಂದೆ. ಸಾಕು ಎಂದೆ. ಅಲ್ಲೊಂದು ಬಂಡೆ ಐತಿ, ಕರಿದಲ್ಲ, ಅದರ ಮಗ್ಗುಲದ್ದು, ಅದರ ನೆತ್ತಿ ಮ್ಯಾಲ ಹಾಯ್ದು ಹೋಗಬ್ಯಾಡ, ಊರಕಡೆ ಎಳಿ, ಎಳಿ, ಅಷ್ಟು ಅವಸರ ಮಾಡಬ್ಯಾಡ, ನಿನಗ ಸಂತಿ ಇಲ್ಲ ಇವತ್ತ ಎಂದೆ. ಆಮೇಲೆ ಏನೇನು ಹೇಳಿದೆನೋ, ನೆನಪಿಲ್ಲ. ಬಂಡೆ ಬಹಳ ಇದ್ದವು.

ನಡುಮಡು ಬಂದಾಗ ನಿಲ್ಲು ಎಂದೆ. ಅವಳು ಎರಡೂ ಹುಟ್ಟು ನೀರಿನಲ್ಲಿ ಊರಿ ಹಿಡಿದಳು. ಬಲೆಯನ್ನು ಮೊಣಕೈಗೆ ಹಾಕಿ ಎದ್ದು ನಿಂತೆ. ಇಲ್ಲಿ ಒಂದು ಕ್ಷಣ ಕೈ ನಿಂತಿತು. ಯಾಕೆಂದು ಬರೆಯುವುದಿಲ್ಲ.

"ಮೂಗಿನ ಮ್ಯಾಲ ನೊಣ ಕುಂತೈತಿ," ಎಂದಳು ಅಕ್ಕನಾಗಮ್ಮ. "ನಿನ್ನದಲ್ಲ, ನನ್ನದು. ಎರಡೂ ಕೈ ಬಿಡಂಗಿಲ್ಲ. ಲಗೂನ ಬೀಸು."

ಬೀಸಿದೆ. ಬಲೆ ಪೂರ್ತಿ ಅರಳಿತು, ದುಂಡಗೆ, ಅಂಚು ಒಂದೇ ಸಲ ನೀರು ಮುಟ್ಟಿತು. ಎರ್ರಣ್ಣ ಬಂಡೆಯ ಮೇಲಿಂದ ಹೋಯ್ ಎಂದ. ಮರಳುವಾಗಲೂ ದಾರಿ ಹೇಳುತ್ತಲೇ ಬಂದೆ, ಬಂಡೆಗೆ ಮೂತಿ ಮೆತ್ತಗೆ ತಾಗಿತು.

ಆಚೆ ದಡದ ಕುರುಬರು ಏನೋ ಜಗಳ ಹತ್ತಿದೆ ಎಂದು ಕುರಿ ಬಿಟ್ಟು ಓಡಿ ಬಂದಿದ್ದರಂತೆ. ಹೊನ್ನೂರಪ್ಪ ತನ್ನ ಹರಿಗೋಲನ್ನು ಮತ್ತೆ ಬೋರಲು ಹಾಕಿದ. ಮುಂದಿನ ವರ್ಷ ಕಿವಿಗೆ ಹತ್ತಿ ಇಟ್ಟುಕೊಂಡು ಬರುತ್ತೇನೆ ಎಂದ. ಮಡು ಈ ವರ್ಷ ನಮಗೆ.

ಗಂಟಲು ಕಟ್ಟಿದೆ. ಹೊಳೆಯ ಥಂಡಿಗಾಳಿ ಇರಬೇಕು. ಮೂಕಮ್ಮ ಬಿಸಿನೀರಿಗೆ ಉಪ್ಪು ಹಾಕಿ ಕೊಟ್ಟಿದ್ದಾಳೆ. ಆ ನೊಣದ ಸುದ್ದಿಯನ್ನು ಅವಳಿಗೆ ಇನ್ನೂ ಸರಿಯಾಗಿ ಹೇಳಿಲ್ಲ, ಅಕ್ಕನಾಗಮ್ಮ ನಡುನಡುವೆ ಬಾಯಿ ಹಾಕಿ ಕೆಡಿಸುತ್ತಿದ್ದಾಳೆ. ಮೊದಲಿನಿಂದ ಹೇಳಬೇಕು. ಇವತ್ತಿಗೆ ಇಷ್ಟು ಸಾಕು.

ನಾಳೆ ಅಕ್ಕನಾಗಮ್ಮನಿಗೆ ಸಂತೆ, ಬೆಳಿಗ್ಗೆ ಐದಕ್ಕೇ ದೋಣಿ ಇಳಿಸಬೇಕು.